ಸೆಕೆಂಡ್ ಹ್ಯಾಂಡ್ ಲಕ್ಷುರಿ ಹೈಬ್ರಿಡ್ ಕಾರು: ಸರಿಯಾಗಿ ನಿರ್ಧರಿಸುವವರ 15 ಸೂತ್ರಗಳು

ನಿಮ್ಮೂರು ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿ ಎನ್ನಿ. ಕೆಲಸ ಮೈಸೂರಿನಲ್ಲೋ ಬೆಂಗಳೂರಿನಲ್ಲೋ. ಸಂಬಳ ಏರಿದೆ, ಬ್ಯಾಂಕು ಸಾಲ ಕೊಡಲು ತಯಾರಿದೆ. ಮೊಬೈಲಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲಕ್ಷುರಿ ಹೈಬ್ರಿಡ್ ಕಾರಿನ ಫೋಟೊ ಇದೆ. ಲೆದರ್ ಸೀಟು, ಸದ್ದಿಲ್ಲದ ಓಟ, ಹೊಸದಕ್ಕಿಂತ ಎಷ್ಟೋ ಕಡಿಮೆ ಬೆಲೆ. ಮನಸ್ಸು ತಗೋ ಅನ್ನುತ್ತದೆ. ಅಪ್ಪ "ಬ್ಯಾಟರಿ ಹೋದ್ರೆ ಏನ್ ಮಾಡ್ತೀಯ?" ಅನ್ನುತ್ತಾರೆ. ಗೆಳೆಯ "ದೊಡ್ಡ ಗಾಡಿ ತಗೊಳೋದು ಸುಲಭ, ಸಾಕೋದು ಕಷ್ಟ" ಅನ್ನುತ್ತಾನೆ. ನೀವು ದಿನವೂ ಫೋಟೊ ನೋಡುತ್ತೀರಿ, ತೀರ್ಮಾನ ಮಾತ್ರ ಆಗುವುದಿಲ್ಲ.

ಈ ತೂಗಾಟ ಒಂದು ಅಭ್ಯಾಸ, ಬಿಡಬಹುದಾದ ಅಭ್ಯಾಸ. ಅಪ್ಪನ ಅನುಮಾನವನ್ನು ಪ್ರಶ್ನೆಯಾಗಿ ಬರೆಯಿರಿ. ಆ ಪ್ರಶ್ನೆಗೆ ಒಂದು ತಪಾಸಣೆ ಹುಡುಕಿ. ತಪಾಸಣೆ ಕೊಟ್ಟ ಉತ್ತರಕ್ಕೆ ಬದ್ಧರಾಗಿ. ಈ ಕ್ರಮದಲ್ಲಿ ಹೋದವರು ಕಾರು ಕೊಂಡರೂ ಗೆಲ್ಲುತ್ತಾರೆ, ಬಿಟ್ಟರೂ ಗೆಲ್ಲುತ್ತಾರೆ. ಕೆಳಗಿನ ಸೂತ್ರಗಳನ್ನು ಇದೇ ಕ್ರಮದಲ್ಲಿ ಬಳಸಿ.

1. ಕಾರು ನೋಡುವ ಮುನ್ನ ಕಾರಣ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಈ ಕಾರು ಏಕೆ ಬೇಕು ಎಂದು ಮೂರು ಸಾಲು ಬರೆಯಿರಿ. ದಿನದ ಓಡಾಟಕ್ಕೋ? ಅಪ್ಪ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಆರಾಮವಾಗಿ ಕರೆದೊಯ್ಯಲೋ? ಗ್ರಾಹಕರನ್ನು ಭೇಟಿಯಾಗುವ ಕೆಲಸಕ್ಕೋ? ಊರಿನವರ ಮುಂದೆ ಇಳಿಯುವ ಖುಷಿಗೋ? ಖುಷಿಯೂ ಕಾರಣವೇ, ಸಂಕೋಚ ಬೇಡ. ಆದರೆ ಅದನ್ನು ಖುಷಿ ಎಂದೇ ಬರೆಯಿರಿ, ಉಳಿತಾಯ ಎಂದು ಬರೆಯಬೇಡಿ.

ಕಾರಣ ಕಾಗದದ ಮೇಲಿದ್ದರೆ ಕಾರನ್ನು ಅದರ ಜೊತೆ ಹೋಲಿಸಬಹುದು. ಕಾರಣ ಇಲ್ಲದೆ ಹೋದವರಿಗೆ ಮಾರುವವನು ತಾನೇ ಒಂದು ಕಾರಣ ಹುಡುಕಿಕೊಡುತ್ತಾನೆ.

2. 'ಹೈಬ್ರಿಡ್' ಬ್ಯಾಡ್ಜ್ ಓದಿ ನಿಲ್ಲಬೇಡಿ, ಯಾವ ಬಗೆ ಎಂದು ಕೇಳಿ

ಹೈಬ್ರಿಡ್‌ನಲ್ಲಿ ಎರಡು ಮುಖ್ಯ ಬಗೆ ಇವೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಚಿಕ್ಕ ಮೋಟರ್ ಎಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೇ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಆಫ್ ಆಗಿದ್ದರೂ ಮೋಟರ್ ಒಂದೇ ಕಾರನ್ನು ಎಳೆಯುತ್ತದೆ. ಪೆಟ್ರೋಲ್ ಗಣನೀಯವಾಗಿ ಉಳಿಯುವುದು ಎರಡನೆಯದರಲ್ಲಿ.

ಮಾರುತಿಯ 'ಸ್ಮಾರ್ಟ್ ಹೈಬ್ರಿಡ್' ಸಿಯಾಜ್, ಎರ್ಟಿಗಾ ಮೈಲ್ಡ್ ಬಗೆಯವು. 2022ರಲ್ಲಿ ಬಂದ ಮರ್ಸಿಡಿಸ್ ಸಿ-ಕ್ಲಾಸ್, ವೋಲ್ವೊ ಎಕ್ಸ್‌ಸಿ40 ಪೆಟ್ರೋಲ್ ಕೂಡ 48 ವೋಲ್ಟ್‌ನ ಮೈಲ್ಡ್ ಹೈಬ್ರಿಡ್‌ಗಳೇ. ಅವು ಒಳ್ಳೆಯ ಲಕ್ಷುರಿ ಕಾರುಗಳು, ಆದರೆ ಮೈಲೇಜ್ ಆಸೆಗೆ ಅವನ್ನು ಕೊಳ್ಳಬೇಡಿ. ಸ್ಟ್ರಾಂಗ್ ಹೈಬ್ರಿಡ್ ಬೇಕೆಂದರೆ ನಮ್ಮಲ್ಲಿ ಹುಡುಕಬೇಕಾದ ಹೆಸರುಗಳು ಇವು: ಟೊಯೊಟಾ ಕ್ಯಾಮ್ರಿ, ಲೆಕ್ಸಸ್ ಇಎಸ್ 300ಎಚ್, ಹೋಂಡಾ ಸಿಟಿ ಇ:ಎಚ್‌ಇವಿ, ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದಲ್ಲಿ ಎರಡೂ ಬಗೆ ಇವೆ, ಹೈಕ್ರಾಸ್‌ನಲ್ಲಿ ಬರೀ ಪೆಟ್ರೋಲ್ ಮಾದರಿಯೂ ಇದೆ. ಆರ್‌ಸಿ ಮತ್ತು ವೇರಿಯಂಟ್ ಹೆಸರು ನೋಡಿ ಖಚಿತ ಮಾಡಿಕೊಳ್ಳಿ.

ಅಮೆರಿಕದಲ್ಲಿರುವ ಅಣ್ಣ ಲೆಕ್ಸಸ್ ಸಿಟಿ 200ಎಚ್ ಹೊಗಳಿದರೆ ಕೇಳಿ ಬಿಟ್ಟುಬಿಡಿ. ಆ ಚಿಕ್ಕ ಲಕ್ಷುರಿ ಹೈಬ್ರಿಡ್ ಭಾರತದ ಶೋರೂಂಗಳಿಗೆ ಬರಲೇ ಇಲ್ಲ. ನಮ್ಮ ಪುಣ್ಯಕ್ಕೆ ಕ್ಯಾಮ್ರಿ ಹೈಬ್ರಿಡ್ 2013ರಿಂದ, ಇಎಸ್ 300ಎಚ್ 2020ರಿಂದ ಇಲ್ಲೇ ಬಿಡದಿಯಲ್ಲಿ ಜೋಡಣೆಯಾಗುತ್ತಿವೆ. ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್ ಹುಟ್ಟಿದ್ದೂ ಅಲ್ಲೇ. ಬಿಡಿಭಾಗ ಸಿಗುವ ಕಾರನ್ನೇ ಆರಿಸಿ.

3. ನಿಮ್ಮ ರಸ್ತೆಯನ್ನು ಅಳೆಯಿರಿ

ಒಂದು ವಾರ ನೀವು ಎಲ್ಲಿ ಎಷ್ಟು ಓಡಿಸುತ್ತೀರಿ ಎಂದು ಬರೆದಿಡಿ. ಪೇಟೆಯೊಳಗಿನ ಕಿಲೋಮೀಟರ್ ಬೇರೆ, ಹೆದ್ದಾರಿಯ ಕಿಲೋಮೀಟರ್ ಬೇರೆ ಕಾಲಂನಲ್ಲಿರಲಿ.

ಹೈಬ್ರಿಡ್‌ನ ಲಾಭ ಹುಟ್ಟುವುದು ಬ್ರೇಕ್‌ನಲ್ಲಿ. ನೀವು ಬ್ರೇಕ್ ಒತ್ತಿದಾಗ ಮೋಟರ್ ಜನರೇಟರ್ ಆಗಿ ತಿರುಗಿ ಬ್ಯಾಟರಿ ತುಂಬಿಸುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ. ಮತ್ತೆ ಹೊರಡುವಾಗ ಬ್ಯಾಟರಿಯೇ ತಳ್ಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇದು ಬಂಗಾರ. ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ಬಹುಪಾಲು ಓಡುತ್ತಲೇ ಇರುತ್ತದೆ. ಬ್ರೇಕ್ ಕಡಿಮೆ, ಹಾಗಾಗಿ ಮರಳಿ ಬರುವ ವಿದ್ಯುತ್ತೂ ಕಡಿಮೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೂ ಇದೇ ಕಥೆ.

ನಿಮ್ಮ ಓಟದಲ್ಲಿ ಅರ್ಧಕ್ಕಿಂತ ಹೆಚ್ಚು ಪೇಟೆಯೊಳಗೆ ಇದ್ದರೆ ಹೈಬ್ರಿಡ್ ಪಟ್ಟಿಯಲ್ಲಿ ಉಳಿಯಲಿ. ಬಹುಪಾಲು ಹೆದ್ದಾರಿಯೇ ಆದರೆ ಅದೇ ಹಣಕ್ಕೆ ಸಿಗುವ ಪೆಟ್ರೋಲ್, ಡೀಸೆಲ್ ಕಾರುಗಳನ್ನೂ ಪಕ್ಕದಲ್ಲಿಟ್ಟು ನೋಡಿ.

4. ಉಳಿತಾಯವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ

ಮೈಲೇಜ್ ಅಂಕಿ ನೋಡಿ ಮರುಳಾಗಬೇಡಿ. ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ ಕಂಪನಿ ಹೇಳುವ ಪರೀಕ್ಷಾ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ಅದು ಪ್ರಯೋಗಾಲಯದ ಅಂಕಿ. ನಿಮಗೆ ಬೇಕಿರುವುದು ತಿಂಗಳ ರೂಪಾಯಿ.

ಲೆಕ್ಕ ಸುಲಭವಾಗಲಿ, ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ ಹಿಡಿಯಿರಿ. ತಿಂಗಳಿಗೆ 1,000 ಕಿ.ಮೀ. ಪೇಟೆಯೊಳಗೆ ಓಡಿಸುತ್ತೀರಿ. ಸಾಮಾನ್ಯ ಪೆಟ್ರೋಲ್ ಕಾರು ಲೀಟರ್‌ಗೆ 12 ಕಿ.ಮೀ. ಕೊಟ್ಟರೆ ಖರ್ಚು ಸುಮಾರು 8,330 ರೂಪಾಯಿ. ಹೈಬ್ರಿಡ್ 20 ಕೊಟ್ಟರೆ 5,000. ವರ್ಷಕ್ಕೆ ಸುಮಾರು 40,000 ರೂಪಾಯಿ ಉಳಿಯಿತು. ಇನ್ನು ಅದೇ 1,000 ಕಿ.ಮೀ. ಹೆದ್ದಾರಿಯದ್ದಾಗಲಿ. ಸಾಮಾನ್ಯ ಕಾರು 16, ಹೈಬ್ರಿಡ್ 20 ಕೊಟ್ಟಿತು ಎನ್ನಿ. ವರ್ಷಕ್ಕೆ ಉಳಿಯುವುದು 15,000 ಮಾತ್ರ.

ಈಗ ಕೇಳಿ: ಅದೇ ವಯಸ್ಸಿನ ಪೆಟ್ರೋಲ್ ಕಾರಿಗಿಂತ ಈ ಹೈಬ್ರಿಡ್‌ಗೆ ಎಷ್ಟು ಹೆಚ್ಚು ಕೊಡುತ್ತಿದ್ದೀರಿ? 4 ಲಕ್ಷ ಹೆಚ್ಚಾದರೆ ಪೇಟೆಯಲ್ಲಿ ಅದು ಮರಳಲು 10 ವರ್ಷ ಬೇಕು. ಹೆದ್ದಾರಿಯಲ್ಲಿ 26 ವರ್ಷ ದಾಟುತ್ತದೆ. ತಿಂಗಳಿಗೆ 2,000 ಕಿ.ಮೀ. ಪೇಟೆಯಲ್ಲಿ ಓಡಿಸುವವರಿಗೆ ಅದೇ ಹಣ 5 ವರ್ಷಕ್ಕೆ ಮರಳುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಅರ್ಧ ಗಂಟೆಯ ಕೆಲಸ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

5. ಬೆಲೆ ಬಿಟ್ಟು ಮೂರು ವರ್ಷದ ಒಟ್ಟು ಖರ್ಚು ನೋಡಿ

ಲಕ್ಷುರಿ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹತ್ತು ಲಕ್ಷಕ್ಕೆ ಕೊಂಡ ಕಾರಿಗೆ ನಲವತ್ತು ಲಕ್ಷದ ಕಾರಿನ ಹೆಡ್‌ಲೈಟನ್ನೇ ಹಾಕಿಸಬೇಕು. ಹಾಗಾಗಿ ಹಾಳೆಯಲ್ಲಿ ಆರು ಸಾಲು ಬರೆಯಿರಿ: ಇಎಂಐ, ಪೆಟ್ರೋಲ್, ಇನ್ಷೂರೆನ್ಸ್, ಸರ್ವಿಸ್, ಟೈರು, ಅನಿರೀಕ್ಷಿತ ರಿಪೇರಿ.

ಸೆಕೆಂಡ್ ಹ್ಯಾಂಡ್ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸ ಕಾರಿಗಿಂತ ಹೆಚ್ಚು. 10 ಲಕ್ಷವನ್ನು ಶೇ. 12ರ ಬಡ್ಡಿಗೆ 5 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 22,250 ರೂಪಾಯಿ, ಒಟ್ಟು ಬಡ್ಡಿ 3.3 ಲಕ್ಷ ದಾಟುತ್ತದೆ. 3 ವರ್ಷಕ್ಕಾದರೆ ಕಂತು ಸುಮಾರು 33,200, ಬಡ್ಡಿ 2 ಲಕ್ಷದೊಳಗೆ. ಮೂರು ವರ್ಷದ ಕಂತು ಕಟ್ಟಲಾಗದಿದ್ದರೆ ಆ ಕಾರು ಸದ್ಯಕ್ಕೆ ನಿಮ್ಮದಲ್ಲ. ಇದನ್ನು ಸೋಲು ಎಂದುಕೊಳ್ಳಬೇಡಿ. ಮುಂದಿನ ಬಡ್ತಿಗೆ ಗುರಿ ಸಿಕ್ಕಿತು ಎಂದುಕೊಳ್ಳಿ.

ಇನ್ನೊಂದು ಕಡ್ಡಾಯ ನಿಯಮ: ಹೈಬ್ರಿಡ್ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಅಧಿಕೃತ ಸರ್ವಿಸ್ ಸೆಂಟರಿನಿಂದ ಲಿಖಿತ ಕೊಟೇಶನ್ ತೆಗೆದುಕೊಳ್ಳಿ. ಬ್ಯಾಟರಿಗೆ ವಾರಂಟಿ ಉಳಿದಿಲ್ಲದಿದ್ದರೆ ಅಷ್ಟು ಹಣ ನಿಮ್ಮ ಎಫ್‌ಡಿಯಲ್ಲಿ ಬೇರೆಯಾಗಿ ಇರಬೇಕು. ಅದು ಇದ್ದರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು.

6. ಸುಗ್ಗಿ ಹಣದ ಬಿಸಿಯಲ್ಲಿ ಟೋಕನ್ ಕೊಡಬೇಡಿ

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅನೇಕ ಮನೆಗಳಲ್ಲಿ ವರ್ಷದ ದೊಡ್ಡ ಹಣ ಹೊಗೆಸೊಪ್ಪಿನಿಂದ ಬರುತ್ತದೆ. ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪಿನ ಬೇಲ್ ಮಾರಾಟವಾದ ಮೇಲೆ ಖಾತೆ ತುಂಬುತ್ತದೆ. ಸುತ್ತಮುತ್ತಲ ಗಾಡಿ ಬ್ರೋಕರ್‌ಗಳ ಫೋನ್ ಆಗಲೇ ಶುರು.

ಒಂದು ವರ್ಷ ಸೊಪ್ಪಿನ ಗ್ರೇಡ್ ಚೆನ್ನಾಗಿ ಬಂತು ಎಂದು ಮೂರು ವರ್ಷದ ಸಾಲ ಮಾಡಬೇಡಿ. ಮುಂದಿನ ವರ್ಷ ಮಳೆ ಹೆಚ್ಚಾಗಬಹುದು, ಯಾರೂ ಬೆಲೆ ಕೂಗದೆ ಬೇಲ್ 'ನೋ ಬಿಡ್' ಆಗಿ ವಾಪಸ್ ಬರಬಹುದು. ಶುಂಠಿ ಬೆಳೆದವರಿಗೆ ಬೆಲೆಯ ಏರಿಳಿತ ಹೊಸದಲ್ಲ. ಮನೆಯ ಆದಾಯದಲ್ಲಿ ಬೆಳೆಯ ಪಾಲಿದ್ದರೆ ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ಆದಾಯ ಬಂದ ವರ್ಷವನ್ನು ಹಿಡಿದು ಬಜೆಟ್ ಮಾಡಿ. ಸೊಪ್ಪು ಹದಮಾಡುವ ಬ್ಯಾರನ್‌ನ ಸೌದೆ, ಕೂಲಿ, ಗೊಬ್ಬರ, ಬೆಳೆ ಸಾಲ ಕಳೆದು ಉಳಿದದ್ದೇ ಕಾರಿನ ಹಣ. ಕೆಟ್ಟ ವರ್ಷದಲ್ಲೂ ನಿಲ್ಲುವ ಬಜೆಟ್ಟೇ ನಿಜವಾದ ಬಜೆಟ್.

ಹಣ ಬಂದ ಮೇಲೆ ಒಂದು ತಿಂಗಳು ಕಾಯಿರಿ. ಅಲ್ಲಿಯವರೆಗೆ ತಪಾಸಣೆ ಮಾಡಿ, ಟೋಕನ್ ಕೊಡಬೇಡಿ.

7. ಬ್ಯಾಟರಿಗೆ ಪರೀಕ್ಷೆ ಬರೆಸಿ

ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಸಾಮಾನ್ಯ 12 ವೋಲ್ಟ್‌ನದು, ಇನ್ನೊಂದು ಕಾರನ್ನು ಎಳೆಯುವ ಹೈವೋಲ್ಟೇಜ್ ಪ್ಯಾಕ್. ಕಾರು ಸ್ಟಾರ್ಟ್ ಆಗದಿದ್ದರೆ ತಪ್ಪು 12 ವೋಲ್ಟ್‌ನದ್ದೂ ಇರಬಹುದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಟೆಸ್ಟ್ ಡ್ರೈವ್ ಕನಿಷ್ಠ 45 ನಿಮಿಷ ಇರಲಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಟ್ರಾಫಿಕ್‌ನಲ್ಲೂ ಓಡಿಸಿ, ಏರಿನಲ್ಲೂ ಓಡಿಸಿ. ಡ್ಯಾಶ್‌ಬೋರ್ಡ್‌ನ ಬ್ಯಾಟರಿ ಗೆರೆಗಳನ್ನು ಗಮನಿಸಿ. ಅವು ಕೆಲವೇ ನಿಮಿಷದಲ್ಲಿ ತುಂಬಿ ಮತ್ತೆ ತಟ್ಟನೆ ಖಾಲಿಯಾಗುತ್ತಿದ್ದರೆ ಪ್ಯಾಕ್ ಸೊರಗಿರಬಹುದು. ನಿಂತಲ್ಲೇ ಎಂಜಿನ್ ಪದೇ ಪದೇ ಆನ್ ಆಗುತ್ತಿದ್ದರೂ, ಹಿಂದಿನ ಸೀಟಿನ ಕಡೆಯಿಂದ ಬ್ಯಾಟರಿಯ ಫ್ಯಾನ್ ಜೋರಾಗಿ ಕೂಗುತ್ತಿದ್ದರೂ ಕಾರಣ ಕೇಳಿ.

ಆಮೇಲೆ ಅಧಿಕೃತ ಸರ್ವಿಸ್ ಸೆಂಟರಿಗೆ ಹಣ ಕಟ್ಟಿ ಹೈಬ್ರಿಡ್ ಹೆಲ್ತ್ ಚೆಕ್ ಮಾಡಿಸಿ. ಸ್ಕ್ಯಾನರ್ ರಿಪೋರ್ಟ್ ಕೇಳಿ. ಟೊಯೊಟಾ, ಲೆಕ್ಸಸ್ ಕಾರುಗಳಲ್ಲಿ ಪಿ0ಎ80 ಎಂಬ ಕೋಡ್ ಬಂದರೆ ಅದು ಬ್ಯಾಟರಿ ಪ್ಯಾಕ್ ಬದಲಿಸುವ ಸೂಚನೆ. ಕೆಲವರು ಮಾರುವ ಹಿಂದಿನ ದಿನ ಕೋಡ್ ಅಳಿಸಿರುತ್ತಾರೆ. ಆದ್ದರಿಂದ ಕೋಡ್ ಕೊನೆಯ ಬಾರಿ ಅಳಿಸಿದ ಮೇಲೆ ಕಾರು ಎಷ್ಟು ಕಿ.ಮೀ. ಓಡಿದೆ ಎಂದೂ ಸ್ಕ್ಯಾನರ್‌ನಲ್ಲಿ ನೋಡಿಸಿ. ಮಾರುವವನು ತಪಾಸಣೆಗೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ.

8. ವಾರಂಟಿಯನ್ನು ಕ್ಯಾಲೆಂಡರ್ ಮೇಲೆ ಬರೆಯಿರಿ

ಹೈರೈಡರ್, ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಹೈಬ್ರಿಡ್‌ಗಳ ಬ್ಯಾಟರಿಗೆ ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ. 2022ರ ಡಿಸೆಂಬರ್‌ನಲ್ಲಿ ಮೊದಲ ಮಾಲೀಕರ ಕೈಸೇರಿದ ಕಾರಿಗೆ ಆ ರಕ್ಷಣೆ 2030ರ ಡಿಸೆಂಬರ್‌ವರೆಗೆ. ನೀವು ಎಂದು ಕೊಂಡಿರಿ ಎಂಬುದು ಲೆಕ್ಕಕ್ಕಿಲ್ಲ.

ಹಳೆಯ ಕ್ಯಾಮ್ರಿ, ಲೆಕ್ಸಸ್‌ಗೆ ಆ ವರ್ಷದ ವಾರಂಟಿ ಪುಸ್ತಕವನ್ನೇ ನೋಡಿ. ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಮೂರು ವಿಷಯ ಕೇಳಿ: ವಾರಂಟಿ ಎಂದು ಮುಗಿಯುತ್ತದೆ, ಹೊಸ ಮಾಲೀಕರಿಗೆ ಮುಂದುವರಿಯುತ್ತದೆಯೇ, ಸರ್ವಿಸ್ ತಪ್ಪಿದ್ದರಿಂದ ರದ್ದಾಗಿದೆಯೇ. ಉತ್ತರ ಇಮೇಲ್‌ನಲ್ಲಿ ಬರಲಿ.

ವಾರಂಟಿ ಉಳಿದ ಕಾರಿಗೆ ಸ್ವಲ್ಪ ಹೆಚ್ಚು ಕೊಡಿ, ತಪ್ಪಿಲ್ಲ. ವಾರಂಟಿ ಮುಗಿದ ಕಾರಾದರೆ ಬ್ಯಾಟರಿ ಕೊಟೇಶನ್ನಿನ ದೊಡ್ಡ ಪಾಲನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

9. 'ಸಿಂಗಲ್ ಓನರ್, ಡಾಕ್ಟರ್ ಗಾಡಿ' ಎಂದರೆ ದಾಖಲೆ ಕೇಳಿ

"ಅಣ್ಣ, ಡಾಕ್ಟರ್ ಗಾಡಿ, ಆಚೆಗೇ ತೆಗೆದಿಲ್ಲ" ಎಂಬ ಮಾತು ಎಲ್ಲ ಬ್ರೋಕರ್‌ಗಳ ಬಾಯಲ್ಲೂ ಇದೆ. ನಗುತ್ತಲೇ ಸರ್ವಿಸ್ ಹಿಸ್ಟರಿ ಕೇಳಿ. ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿಲೋಮೀಟರನ್ನು ಸಾಲಾಗಿ ಬರೆದುಕೊಳ್ಳಿ. ನಡುವೆ ಎಲ್ಲಾದರೂ ಅಂಕಿ ಹಿಂದಕ್ಕೆ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ. ಸ್ಟೀರಿಂಗ್ ನುಣುಪು, ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಅಂಚು ನೋಡಿ. ಮೀಟರ್ 30,000 ಎಂದು, ಪೆಡಲ್ ಲಕ್ಷ ಎಂದು ಹೇಳಿದರೆ ಪೆಡಲ್ ಮಾತು ನಂಬಿ.

ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಡಿ. ಹೈಬ್ರಿಡ್‌ನಲ್ಲಿ ತೀರಾ ಕಡಿಮೆ ಓಡಿದ ಗಾಡಿ ಯಾವಾಗಲೂ ಒಳ್ಳೆಯದಲ್ಲ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತರೆ ಬ್ಯಾಟರಿ ತಾನಾಗಿ ಇಳಿಯುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ನಿಯಮಿತವಾಗಿ ಓಡಿ, ಸಮಯಕ್ಕೆ ಸರ್ವಿಸ್ ಆದ 80,000 ಕಿ.ಮೀ.ನ ಕಾರು, ನಿಂತೇ ಇದ್ದ 20,000 ಕಿ.ಮೀ.ನ ಕಾರಿಗಿಂತ ಉತ್ತಮ ಆಯ್ಕೆ ಆಗಬಹುದು.

10. ನೀರಿನಲ್ಲಿ ಮುಳುಗಿದ ಕಾರನ್ನು ಪತ್ತೆ ಹಚ್ಚಿ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಲೇಔಟ್‌ಗಳಿಗೆ ನೀರು ನುಗ್ಗಿತು. ಕೋಟಿ ಬೆಲೆಯ ವಿಲ್ಲಾಗಳ ಮುಂದೆ ದುಬಾರಿ ಕಾರುಗಳು ಮುಳುಗಿದ್ದವು. 2018ರ ಆಗಸ್ಟ್‌ನಲ್ಲಿ ಕೊಡಗು, ಕೇರಳ ಮಳೆಗೆ ತತ್ತರಿಸಿದವು. ಚೆನ್ನೈ 2015ರಲ್ಲೂ 2023ರಲ್ಲೂ ಮುಳುಗಿತು. ಅಂಥ ಕಾರುಗಳು ತೊಳೆದು ಒಣಗಿಸಿ ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ.

ಬಹಳಷ್ಟು ಹೈಬ್ರಿಡ್‌ಗಳಲ್ಲಿ ಹೈವೋಲ್ಟೇಜ್ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲೋ ಹಿಂಬದಿಯಲ್ಲೋ ಇರುತ್ತದೆ. ನೆರೆ ನೀರು ಬೇಗ ತಲುಪುವ ಜಾಗ ಅದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಹುಡುಕಿ. ಕಾರ್ಪೆಟ್ ಎತ್ತಿ ಮೂಸಿ. ಸ್ಟೆಪ್ನಿ ಗುಂಡಿ, ಸೀಟಿನ ಅಡಿಯ ಬೋಲ್ಟ್‌ಗಳಲ್ಲಿ ತುಕ್ಕು ನೋಡಿ. ಹೆಡ್‌ಲೈಟ್ ಒಳಗೆ ಹಬೆ ಕಟ್ಟಿದೆಯೇ ಗಮನಿಸಿ. ಇನ್ಷೂರೆನ್ಸ್ ಕ್ಲೇಮ್ ಇತಿಹಾಸ ಕೇಳಿ. ಅನುಮಾನ ನಿಜ ಎನಿಸಿದರೆ ಬೆಲೆ ಎಷ್ಟೇ ಇಳಿದರೂ ಕೊಳ್ಳಬೇಡಿ. ಮುಳುಗಿದ ಹೈಬ್ರಿಡ್‌ಗೆ 'ಒಳ್ಳೆಯ ಬೆಲೆ' ಎಂಬುದೇ ಇಲ್ಲ.

11. ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ಅಳೆಯಿರಿ

ಟೊಯೊಟಾ, ಹೋಂಡಾ, ಮಾರುತಿಗೆ ಮೈಸೂರಿನಲ್ಲೇ ಅಧಿಕೃತ ಸರ್ವಿಸ್ ಇದೆ. ಬೆಳಗ್ಗೆ ಹೊರಟರೆ ಸಂಜೆಗೆ ಊರು ಸೇರಬಹುದು. ಕಾರು ಲೆಕ್ಸಸ್‌ನಂಥದ್ದಾದರೆ ದೊಡ್ಡ ಕೆಲಸಕ್ಕೆ ಬೆಂಗಳೂರಿನ ದಾರಿ ಹಿಡಿಯಬೇಕಾದೀತು. ಪಿರಿಯಾಪಟ್ಟಣದಿಂದ ಅದು 200 ಕಿ.ಮೀ.ಗೂ ಹೆಚ್ಚು. ಒಂದು ದಿನದ ರಜೆ, ಪೆಟ್ರೋಲ್, ಟೋಲ್, ಕೆಲವೊಮ್ಮೆ ಟೋಯಿಂಗ್, ಎಲ್ಲವೂ ನಿಮ್ಮ ಖರ್ಚು.

ಕೊಳ್ಳುವ ಮುನ್ನ ಮೈಸೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಹೈವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದ ಟೆಕ್ನೀಷಿಯನ್ ಇದ್ದಾರೆಯೇ? ಈ ಮಾಡೆಲ್‌ನ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ? ಊರಿನ ಗ್ಯಾರೇಜಿನ ಮೇಸ್ತ್ರಿ ಎಷ್ಟೇ ನಂಬಿಕಸ್ಥರಾದರೂ ಕಿತ್ತಳೆ ಬಣ್ಣದ ವೈರ್ ಮುಟ್ಟಲು ಬಿಡಬೇಡಿ. ಅದರಲ್ಲಿ ಪ್ರಾಣ ತೆಗೆಯುವ ವೋಲ್ಟೇಜ್ ಇರುತ್ತದೆ.

12. ಊರಿನ ರಸ್ತೆ, ಊರಿನ ಶೆಡ್ ಎರಡನ್ನೂ ಲೆಕ್ಕಕ್ಕೆ ತನ್ನಿ

ಕಾರು ಬೆಂಗಳೂರಿನ ಬೇಸ್‌ಮೆಂಟ್‌ನಲ್ಲಿ ಬೆಳೆದಿದೆ. ಇನ್ನು ಮುಂದೆ ಅದು ಹಾರನಹಳ್ಳಿಯಲ್ಲಿ ನಿಲ್ಲಬೇಕು. ಕುಟುಂಬದ ಐದೂ ಜನರನ್ನು ಕೂರಿಸಿಕೊಂಡು ಊರಿನ ಹಂಪ್ ಮೇಲೆ ಓಡಿಸಿ ನೋಡಿ. ಸೆಡಾನ್‌ನ ಹೊಟ್ಟೆ ತಾಗಿದರೆ ಅಲ್ಲೇ ಗೊತ್ತಾಗುತ್ತದೆ.

ಶೆಡ್ ಪಕ್ಕದಲ್ಲಿ ಹುಲ್ಲಿನ ಮೆದೆ ಇದ್ದರೆ ಇಲಿ ಗ್ಯಾರಂಟಿ. ಇಲಿ ಕಡಿದ ಹೈವೋಲ್ಟೇಜ್ ವೈರ್ ರಿಪೇರಿಗೆ ಸಿಗುವುದಿಲ್ಲ, ಪೂರ್ತಿ ಬದಲಿಸಬೇಕಾಗಬಹುದು. ಇನ್ಷೂರೆನ್ಸ್‌ನಲ್ಲಿ ಇಲಿ ಕಡಿತಕ್ಕೆ ರಕ್ಷಣೆ ಇದೆಯೇ ಕೇಳಿ. ಮಣ್ಣು ರಸ್ತೆಯ ಧೂಳು ಬ್ಯಾಟರಿ ತಂಪಾಗಿಸುವ ಫ್ಯಾನ್‌ನ ಫಿಲ್ಟರ್ ಮುಚ್ಚುತ್ತದೆ. ಟೊಯೊಟಾ ಹೈಬ್ರಿಡ್‌ಗಳಲ್ಲಿ ಆ ಗಾಳಿಯ ಕಿಂಡಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬಳಿ ಇರುತ್ತದೆ. ಮೂಟೆ, ಬ್ಯಾಗು, ಬಟ್ಟೆ ಇಟ್ಟು ಮುಚ್ಚಬೇಡಿ. ಪ್ರತಿ ಸರ್ವಿಸ್‌ನಲ್ಲೂ ಫಿಲ್ಟರ್ ಸ್ವಚ್ಛ ಮಾಡಿಸಿ. ಬ್ಯಾಟರಿಯ ಆಯಸ್ಸು ಉಳಿಸುವ ಅತಿ ಅಗ್ಗದ ಕೆಲಸ ಇದು.

ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಕಾರು ಹಾಯಿಸಬೇಡಿ. ಹುಲ್ಲು ಅಡಿಗೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಂಡ ಕಾರುಗಳನ್ನು ಹಳೇ ಮೈಸೂರು ಭಾಗ ನೋಡಿದೆ. ಇಂಧನವನ್ನೂ ನೋಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್. ಹಳೆಯ ಕಾರಿಗೆ ಅದು ಒಪ್ಪುತ್ತದೆಯೇ ಎಂದು ಓನರ್ಸ್ ಮ್ಯಾನ್ಯುಯಲ್ ಮತ್ತು ಪೆಟ್ರೋಲ್ ಮುಚ್ಚಳದ ಸ್ಟಿಕ್ಕರ್ ನೋಡಿ ತಿಳಿಯಿರಿ.

13. ಕಾಗದ ಸರಿಯಿಲ್ಲದ ಕಾರನ್ನು ಮುಟ್ಟಬೇಡಿ

ಪರಿವಾಹನ್ ತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಇನ್ಷೂರೆನ್ಸ್ ಇದೆಯೇ, ಎಚ್‌ಪಿ (ಸಾಲಕ್ಕೆ ಬ್ಯಾಂಕಿನ ಅಡಮಾನ) ಇದೆಯೇ, ದಂಡ ಬಾಕಿ ಇದೆಯೇ ನೋಡಿ. ಎಚ್‌ಪಿ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕೇ ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಹುಣಸೂರು, ಪಿರಿಯಾಪಟ್ಟಣ ಭಾಗದವರಿಗೆ ಕೆಎ-45, ಹುಣಸೂರಿನ ಕಚೇರಿ. ಹಣದ ಕೊನೆಯ ಕಂತನ್ನು ಈ ಅರ್ಜಿಗಳಿಗೆ ಸಹಿ ಬಿದ್ದ ಮೇಲೆಯೇ ಕೊಡಿ.

ದೆಹಲಿ ಗಾಡಿ ಅಗ್ಗ ಎಂದು ಜಿಗಿಯಬೇಡಿ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಬಂದದ್ದರಿಂದ ಅಲ್ಲಿನ ಹಳೆಯ ಕಾರುಗಳು ಹೊರಗೆ ಹರಿಯುತ್ತವೆ. ಬೇರೆ ರಾಜ್ಯದ ಕಾರನ್ನು ಇಲ್ಲಿ ನೋಂದಾಯಿಸಲು ಆ ಆರ್‌ಟಿಒದ ಎನ್‌ಒಸಿ ಬೇಕು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸ ಕಾರಿಗೆ ಅದು ಬೆಲೆಯನ್ನು ನೋಡಿಕೊಂಡು ಶೇ. 13ರಿಂದ 18, ಮೇಲೆ ಸೆಸ್ಸು. ವಯಸ್ಸಿಗೆ ತಕ್ಕಂತೆ ಇಳಿದರೂ ದೊಡ್ಡ ಮೊತ್ತವೇ. ಆ ತೆರಿಗೆ ಸೇರಿಸಿದ ಮೇಲೂ ಅಗ್ಗವೇ ಎಂದು ನೋಡಿ.

ಇನ್ಷೂರೆನ್ಸನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆ ಹೋಗುತ್ತದೆ, ಹಾಗಾಗಿ ಪ್ರೀಮಿಯಂ ಏರುತ್ತದೆ. ಅದನ್ನೂ ಬಜೆಟ್‌ಗೆ ಸೇರಿಸಿ.

14. ರಿಪೋರ್ಟ್ ಕೈಯಲ್ಲಿ ಹಿಡಿದು ಬೆಲೆ ಮಾತಾಡಿ

"ಸ್ವಲ್ಪ ಕಡಿಮೆ ಮಾಡಿ ಸರ್" ಎಂದು ಬೇಡಬೇಡಿ. ಪ್ರತಿ ದೋಷವನ್ನೂ ರೂಪಾಯಿಗೆ ಇಳಿಸಿ ಹೇಳಿ. ನಾಲ್ಕು ಟೈರು ಇಷ್ಟು, 12 ವೋಲ್ಟ್ ಬ್ಯಾಟರಿ ಇಷ್ಟು, ವಾರಂಟಿ ಉಳಿದಿರುವುದು ಇಷ್ಟೇ ತಿಂಗಳು, ಬ್ಯಾಟರಿ ಕೊಟೇಶನ್ ಇಲ್ಲಿದೆ. ಅಂಕಿಗೆ ಎದುರು ಮಾತಾಡುವುದು ಕಷ್ಟ.

ನಿಮ್ಮ ಗರಿಷ್ಠ ಬೆಲೆಯನ್ನು ಮನೆಯಲ್ಲೇ ಬರೆದಿಟ್ಟು ಹೋಗಿ. ಅದರ ಮೇಲೆ ಒಂದು ರೂಪಾಯಿಯೂ ಬೇಡ. ಆಯುಧಪೂಜೆಗೆ ಕಾರು ಮನೆ ಮುಂದೆ ನಿಲ್ಲಬೇಕು ಎಂಬ ಆತುರ ಮಾರುವವನಿಗೆ ಗೊತ್ತಾಗಬಾರದು. ಡಿಸೆಂಬರ್‌ನಲ್ಲಿ ಮಾತಾಡಿದರೆ ನಿಮ್ಮ ಕೈ ಮೇಲಾಗುತ್ತದೆ, ಏಕೆಂದರೆ ಜನವರಿ 1 ಬಂದರೆ ಕಾರು ಕಾಗದದ ಮೇಲೆ ಇನ್ನೊಂದು ವರ್ಷ ಹಳೆಯದಾಗುತ್ತದೆ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ರಸೀದಿಯಲ್ಲಿ ಚಾಸಿಸ್ ನಂಬರ್, ದಿನಾಂಕ, ಗಂಟೆ ಬರೆಸಿ. ಆ ಗಂಟೆಗೆ ಮುಂಚಿನ ದಂಡ, ಅಪಘಾತದ ಹೊಣೆ ಯಾರದ್ದು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

15. ಗಡುವು ಹಾಕಿ, ತೀರ್ಮಾನಿಸಿ, ಮುಂದೆ ನಡೆಯಿರಿ

ಈಗ ಹಾಳೆಯನ್ನು ಎದುರಿಗಿಟ್ಟುಕೊಳ್ಳಿ. ಐದು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಬರೆಯಿರಿ.

ಓಟದ ಅರ್ಧಕ್ಕಿಂತ ಹೆಚ್ಚು ಪೇಟೆಯೊಳಗೆ ಇದೆಯೇ?
ಬ್ಯಾಟರಿ ರಿಪೋರ್ಟ್ ಸ್ವಚ್ಛವಾಗಿದೆಯೇ?
ವಾರಂಟಿ ಅಥವಾ ಬ್ಯಾಟರಿಯ ಮೀಸಲು ಹಣ, ಎರಡರಲ್ಲಿ ಒಂದು ಇದೆಯೇ?
ಹೈಬ್ರಿಡ್ ಬಲ್ಲ ಸರ್ವಿಸ್ ಸೆಂಟರ್ ಮೈಸೂರಿನಲ್ಲಿ ಇದೆಯೇ?
ಮೂರು ವರ್ಷದ ಕಂತು ಕೆಟ್ಟ ವರ್ಷದಲ್ಲೂ ಕಟ್ಟಬಲ್ಲಿರೇ?

ಐದೂ ಹೌದು ಎಂದರೆ ಕೊಳ್ಳಿ. ನಿಶ್ಚಿಂತೆಯಿಂದ ಕೊಳ್ಳಿ, ಯಾರ ಮಾತಿಗೂ ಹಿಂಜರಿಯಬೇಡಿ. ಮೊದಲ ಪ್ರಶ್ನೆಗೆ ಮಾತ್ರ ಇಲ್ಲ ಬಂದಿದ್ದು, ನೀವು ಖುಷಿಗಾಗಿ ಕೊಳ್ಳುತ್ತಿದ್ದೇನೆ ಎಂದು ಮೊದಲೇ ಬರೆದಿದ್ದರೆ ಆಗಲೂ ಕೊಳ್ಳಬಹುದು. ಉಳಿದ ನಾಲ್ಕರಲ್ಲಿ ಒಂದು ಇಲ್ಲ ಬಂದರೂ ಈ ಕಾರನ್ನು ಬಿಡಿ.

ಬಿಟ್ಟರೆ ಏನು ಮಾಡಬೇಕು ಎಂಬುದನ್ನೂ ಇವತ್ತೇ ತೀರ್ಮಾನಿಸಿ. ಕಟ್ಟಬೇಕಾಗಿದ್ದ ಕಂತನ್ನು ಅದೇ ದಿನದಿಂದ ಆರ್‌ಡಿಗೆ ಹಾಕಿ. ತಿಂಗಳಿಗೆ 22,000 ಎಂದರೆ ವರ್ಷಕ್ಕೆ ಬಡ್ಡಿ ಬಿಟ್ಟೇ 2.64 ಲಕ್ಷ. ಎರಡು ವರ್ಷದಲ್ಲಿ 5 ಲಕ್ಷ ದಾಟುತ್ತದೆ. ಆಗ ನೀವು ಅರ್ಧ ನಗದು ಹಿಡಿದು ಮಾತಾಡುತ್ತೀರಿ. 2022ರಿಂದ ಮಾರಾಟವಾಗುತ್ತಿರುವ ಸ್ಟ್ರಾಂಗ್ ಹೈಬ್ರಿಡ್‌ಗಳು ಅಷ್ಟರಲ್ಲಿ ಇನ್ನೂ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದಿರುತ್ತವೆ, ಆಯ್ಕೆ ಹೆಚ್ಚಿರುತ್ತದೆ.

ಈ ಭಾನುವಾರ ಹಾಳೆ ಶುರು ಮಾಡಿ. ಮುಂದಿನ ಭಾನುವಾರದೊಳಗೆ ತಪಾಸಣೆ ಮುಗಿಸಿ. ಅದೇ ಸಂಜೆ ಅಪ್ಪ ಅಮ್ಮನ ಮುಂದೆ ಅಂಕಿಗಳನ್ನು ಓದಿ, ತೀರ್ಮಾನ ಹೇಳಿ, ಹಾಳೆಯ ಕೆಳಗೆ ಸಹಿ ಹಾಕಿ. ದೊಡ್ಡ ಖರ್ಚನ್ನು ಅಂಕಿ ಹಿಡಿದು ತೀರ್ಮಾನಿಸುವುದನ್ನು ಒಮ್ಮೆ ಕಲಿತವರು ಮುಂದೆ ಸೈಟು, ಮನೆ, ಸ್ವಂತ ಉದ್ಯಮದ ತೀರ್ಮಾನವನ್ನೂ ಹೀಗೇ ಮಾಡುತ್ತಾರೆ. ಪೆನ್ನು ಎತ್ತಿಕೊಳ್ಳಿ, ಮೊದಲ ಸಾಲು ಬರೆಯಿರಿ.